ಚಿಗವ್ವ ಹೇಳಿದ ಎಲ್ಲುಂಡಿ

ಗಂಜಿ ಹಾಕಿದ ಬಟ್ಟೆಯ ಮೇಲೆ ಬಿಸಿ ಇಸ್ತ್ರಿ ಓಡಿದಾಗ ಏಳುವ ವಾಸನೆ ನನಗೆ ಅಕ್ಕಿ ಗಿರಣಿಯನ್ನು ನೆನಪಿಸುತ್ತದೆ. ಅದಕ್ಕೇ ಇರಬೇಕು, ನಮ್ಮ ಬೀದಿಯ ಇಸ್ತ್ರಿ ಅಂಗಡಿಯಲ್ಲಿ ನಾನು ಬೇಕಾದ್ದಕ್ಕಿಂತ ಎರಡು ನಿಮಿಷ ಹೆಚ್ಚೇ ನಿಲ್ಲುತ್ತೇನೆ. ಇವತ್ತು ಬೆಳಿಗ್ಗೆ ಅಂಗಡಿಯ ಮುದುಕ ನನ್ನ ಅಂಗಿಗಳ ಗಂಟನ್ನು ಮೂಲೆಗೆ ತಳ್ಳಿ, ತಲೆ ಎತ್ತದೆ, "ಎಲ್ಲುಂಡಿ" ಎಂದ. ನಿಮಗೆ ತೆಲುಗು ಬಾರದಿದ್ದರೆ ಮೊದಲೇ ಹೇಳಿಬಿಡುತ್ತೇನೆ: ತೆಲುಗಿನಲ್ಲಿ ಎಲ್ಲುಂಡಿ ಎಂದರೆ ನಾಡಿದ್ದು. ನಮ್ಮ ಕೊಪ್ಪಳ ಸೀಮೆಯ ಕಿವಿಗೆ ಅದೇ ಸದ್ದು ಬೇರೆಯಾಗಿ ಕೇಳುತ್ತದೆ. ಎಲ್ಲಿ ಉಂಡಿ, ಎಲ್ಲಿ ಊಟ ಮಾಡಿದಿ, ಎಂದು ಯಾರೋ ವಿಚಾರಿಸಿದ ಹಾಗೆ. ನಿಜಾಮಾಬಾದಿಗೆ ಬಂದು ಇಷ್ಟು ವರ್ಷವಾದರೂ ನನ್ನ ಬಾಯಿ ಒಂದು ಕ್ಷಣ ತಾನಾಗಿಯೇ "ಮನ್ಯಾಗ" ಎನ್ನಲು ತೆರೆದುಕೊಳ್ಳುತ್ತದೆ.

ಈ ಪದದ ಮೇಲೆ ನನ್ನ ಬಳಿ ಒಂದು ನಗೆಯ ಕಥೆಯಿದೆ. ಮದುವೆಮನೆಯ ಪಂಕ್ತಿಗಳಲ್ಲಿ, ರೈಲಿನಲ್ಲಿ, ಗಿರಣಿಯ ಚಹದ ಹೊತ್ತಿನಲ್ಲಿ ಅದನ್ನು ಎಷ್ಟೋ ಸಲ ಹೇಳಿ ಜನರನ್ನು ನಗಿಸಿದ್ದೇನೆ. ಪ್ರತಿ ಸಲವೂ ಅದರ ಒಂದು ತುಂಡನ್ನು ಬಿಟ್ಟು ಹೇಳಿದ್ದೇನೆ. ಇವತ್ತು ನಿಮಗೆ ಪೂರ್ತಿ ಹೇಳುತ್ತೇನೆ.

ಆಗ ನಾನು ಗಂಗಾವತಿಯಲ್ಲಿದ್ದೆ. ಮರಳಿ ಎಂಬ ಊರಿನ ರಸ್ತೆಯ ಒಂದು ಗಿರಣಿಯಲ್ಲಿ ಬಣ್ಣ ನೋಡಿ ಅಕ್ಕಿ ಆರಿಸುವ ಯಂತ್ರ ನಡೆಸುತ್ತಿದ್ದೆ. ಕಪ್ಪು ಕಾಳು, ಹಳದಿ ಕಾಳು, ಕಲ್ಲು, ಎಲ್ಲವನ್ನೂ ಗಾಳಿಯಿಂದ ಊದಿ ಬೇರೆ ಮಾಡುವ ಯಂತ್ರ. ನನ್ನ ಹೆಂಡತಿ ಸುಜಾತಾ ಬ್ಯಾಂಕಿನಲ್ಲಿದ್ದಳು. ಅವಳಿಗೆ ಬಡ್ತಿ ಬಂತು, ಬಡ್ತಿಯ ಜೊತೆ ತೆಲಂಗಾಣಕ್ಕೆ ವರ್ಗವೂ ಬಂತು. ನಿಜಾಮಾಬಾದಿನ ಸುತ್ತ ಅಕ್ಕಿ ಗಿರಣಿಗಳಿಗೇನೂ ಬರವಿಲ್ಲ. ಅವಳು ಹೊರಡುವ ಮುಂಚೆಯೇ ಹೇಳಿದ್ದಳು: "ಮೊದ್ಲ ಇಬ್ರೂ ಹೋಗಿಬಿಡೂಣ್ರಿ. ಕೆಲಸ ಅಲ್ಲೇ ಕುಂತು ಹುಡುಕಿದ್ರಾತು."

ನಾನು ಒಪ್ಪಲಿಲ್ಲ. ಗಂಡಸು ಕೈಯಲ್ಲಿ ಕೆಲಸ ಹಿಡಿದುಕೊಂಡೇ ಪರರಾಜ್ಯದ ಗಡಿ ದಾಟಬೇಕು ಎಂಬ ಕಾಯಿದೆಯನ್ನು ಯಾವ ನಿಜಾಮ ಬರೆದನೋ ತಿಳಿಯದು, ನಾನಂತೂ ಅದನ್ನು ಶಿರಸಾವಹಿಸಿ ಪಾಲಿಸಿದೆ. ಹೆಂಡತಿಯ ಬಾಡಿಗೆ ಮನೆಯಲ್ಲಿ ಹಗಲಿಡೀ ಕುಳಿತವನನ್ನು ಪಕ್ಕದ ಮನೆಯವರು ಏನೆಂದು ಕರೆದಾರು ಎಂಬುದೇ ನನ್ನ ಚಿಂತೆ. ಆ ಪಕ್ಕದ ಮನೆಯವರು ಯಾರೆಂದು ನನಗಿನ್ನೂ ಗೊತ್ತಿರಲಿಲ್ಲ ಎಂಬುದು ಬೇರೆ ಮಾತು. ಬಂಧುಗಳು ಕೊಪ್ಪಳದ ಪಕ್ಕದ ಗಿಣಿಗೇರಾದ ಕಾರ್ಖಾನೆಗಳನ್ನು ತೋರಿಸಿ, "ಕಣ್ಣೆದುರಿಗೆ ಇಷ್ಟ್ ಹೊಗಿ ಏಳಾಕತ್ತೈತಿ, ನಿನಗ ಅಷ್ಟ್ ದೂರದ ಹೊಗಿನ ಬೇಕೇನು?" ಎಂದು ಕೇಳಿದರು. ಸುಜಾತಾ ಒಬ್ಬಳೇ ಎರಡು ಪೆಟ್ಟಿಗೆಯೊಂದಿಗೆ ರೈಲು ಹತ್ತಿದಳು.

ಗಿರಣಿ ಲೋಕದಲ್ಲಿ ಕೆಲಸ ಹುಡುಕುವ ಬಗೆಯೇ ಬೇರೆ. ಇಲ್ಲಿಂದ ಅಲ್ಲಿಗೆ ಅಕ್ಕಿಯ ಮಾದರಿಯನ್ನು ಸಣ್ಣ ಪೊಟ್ಟಣಗಳಲ್ಲಿ ಲಾರಿ ಡ್ರೈವರುಗಳ ಕೈಯಲ್ಲಿ ಕಳಿಸುತ್ತಾರೆ. ನಾನು ನನ್ನ ಬಯೋಡಾಟಾವನ್ನು ನಾಲ್ಕಾಗಿ ಮಡಿಸಿ ಆ ಪೊಟ್ಟಣಗಳ ಜೊತೆ ಡ್ರೈವರುಗಳ ಜೇಬಿಗೆ ಸೇರಿಸುತ್ತಿದ್ದೆ. ಕೊನೆಯ ಸಾಲಿನಲ್ಲಿ "ತೆಲುಗು ನೀರು ಕುಡಿದಷ್ಟು ಸುಲಭ" ಎಂದು ಬರೆಸಿದ್ದೆ. ತುಂಗಭದ್ರಾ ಕಾಲುವೆ ಸೀಮೆಗೆ ವಲಸೆ ಬಂದು ಕ್ಯಾಂಪು ಕಟ್ಟಿಕೊಂಡ ತೆಲುಗರ ಜೊತೆ ಹತ್ತು ವರ್ಷ ಕೆಲಸ ಮಾಡಿದವನಿಗೆ ಅಷ್ಟು ಜಂಬ ಇರಬಾರದೇ? ಆದರೆ ಇದ್ದ ಗಿರಣಿಯ ಧಣಿಗೆ ಸುದ್ದಿ ಮುಟ್ಟಬಾರದು. ಮುಟ್ಟಿದರೆ ಇದ್ದದ್ದೂ ಹೋದೀತು. ಆದ್ದರಿಂದ ಅರ್ಜಿಗಳಲ್ಲಿ ಬೇರೊಂದು ನಂಬರು ಕೊಟ್ಟು, ಆ ಸಿಮ್ಮನ್ನು ಒಂದು ಹಳೆಯ ಬಟನ್ ಫೋನಿಗೆ ಹಾಕಿ ಮನೆಯಲ್ಲೇ ಇಟ್ಟೆ. ಆ ಫೋನಿನ ಕಾವಲಿಗೆ ಚಿಗವ್ವನಿದ್ದಳು.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಯಲಬುರ್ಗಾ ತಾಲ್ಲೂಕಿನ ಎರೆಭೂಮಿಯ ಹಳ್ಳಿಯವಳು. ಸುಜಾತಾ ಹೋದ ವಾರವೇ, ಕರೆಯದೆ, ಒಂದು ಚೀಲ ಜೋಳದ ಹಿಟ್ಟಿನೊಂದಿಗೆ ಗಂಗಾವತಿಗೆ ಬಂದಿಳಿದಿದ್ದಳು. "ಇಲ್ಲೆ ಬರೇ ಅನ್ನ ತಿಂತೀರಂತ. ಅನ್ನ ಉಂಡ ಹೊಟ್ಟಿ ಹೊಸ್ತಿಲಾ ದಾಟೂದ್ರಾಗ ಖಾಲಿ ಆಕ್ಕೈತಿ" ಎಂಬುದು ಅವಳ ಅಭಿಪ್ರಾಯ. ಅಕ್ಕಿ ಗಿರಣಿಯಲ್ಲಿ ಅನ್ನ ಸಂಪಾದಿಸುವವನ ಮನೆಯಲ್ಲಿ ಕುಳಿತೇ ಇದನ್ನು ಹೇಳುತ್ತಿದ್ದಳು.

ಅವಳಿಗೆ ಎರಡು ನಿಯಮಗಳಿದ್ದವು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಹೋದ ಕೆಲಸ ಕೆಡುತ್ತದೆ. ಬಂದವರನ್ನು ಎಲ್ಲಿ ಉಂಡಿ ಎಂದು ಕೇಳದೆ ಬಿಡಬಾರದು. ಮೊದಲನೆಯದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ಎರಡನೆಯದು ಅವಳದೇ. ಕುಷ್ಟಗಿಗೆ ಹೋಗಿ ಬಂದರೂ ಸರಿ, ಕಾಶಿಗೆ ಹೋಗಿ ಬಂದರೂ ಸರಿ, ಅವಳ ಮೊದಲ ಪ್ರಶ್ನೆ ಅದೊಂದೇ. ಊಟದ ಉತ್ತರದಿಂದಲೇ ಅವಳು ಉಳಿದದ್ದನ್ನೆಲ್ಲ ತಿಳಿದುಕೊಳ್ಳುತ್ತಿದ್ದಳು. ಒಮ್ಮೆ ಕರ್ನೂಲಿನ ಗಿರಣಿಯೊಂದಕ್ಕೆ ರಜೆ ಹಾಕಿ ಹೋಗಿ ಬಂದೆ. ಚಪ್ಪಲಿ ಬಿಡುವ ಮುಂಚೆಯೇ ಕೇಳಿದಳು.

"ಎಲ್ಲುಂಡಿ?"

"ಬಸ್ ಸ್ಟ್ಯಾಂಡಿನ್ಯಾಗ. ಎರಡು ಇಡ್ಲಿ."

"ಹಂಗಾರ ಆ ಕೆಲಸ ಬರಂಗಿಲ್ಲ ಬಿಡು. ಕೆಲಸ ಕೊಡೂ ಮನಿ ಮೊದಲ ಕೂಳಾತೇನಂತ ಕೇಳ್ತೈತಿ."

ಕೆಲಸ ಬರಲಿಲ್ಲ. ಮಹಬೂಬನಗರದಲ್ಲಿ ಚಹ ಕೊಟ್ಟಿದ್ದರು. ಅದಕ್ಕೆ ಅವಳು ಸ್ವಲ್ಪ ಯೋಚಿಸಿ, "ಅರ್ಧಾ ಮನಸ ಐತಿ" ಎಂದಳು. ಅಲ್ಲಿಯವರು ಎರಡು ತಿಂಗಳು ಆಡಿಸಿ ಕೈಬಿಟ್ಟರು. ಇಷ್ಟಾದ ಮೇಲೆ ನಾನು ಅವಳ ಮುಂದೆ ಊಟದ ಸುದ್ದಿ ಎತ್ತಲು ಹೆದರುವಂತಾದೆ.

ಫೋನನ್ನು ಒಪ್ಪಿಸುವಾಗ ಅವಳಿಗೆ ಹೇಳಿದ್ದೆ: "ಯಾರರ ಮಾಡಿದ್ರ ಎತ್ತು. ಅವರು ಏನಂತಾರ, ಅದನ್ನ ಹಂಗ ನನಗ ಹೇಳು. ನಿಂದೇನೂ ಸೇರಿಸಬ್ಯಾಡ." ಅವಳು ತಲೆಯಾಡಿಸಿ ಫೋನನ್ನು ಅರಿಷಿಣದ ಡಬ್ಬಿಯ ಪಕ್ಕ ಇಟ್ಟುಕೊಂಡಳು.

ಇನ್ನು ನಗೆಯ ಕಥೆ. ಒಂದು ಮಂಗಳವಾರ ಮಧ್ಯಾಹ್ನ ಫೋನು ಬಂತು. ಮಾಡಿದವರು ನಿಜಾಮಾಬಾದಿನದೇ ಒಂದು ಗಿರಣಿಯವರು. ಸುಜಾತಾಳ ಮನೆಯಿಂದ ನಡೆದು ಹೋಗುವಷ್ಟು ದೂರ. ನನ್ನನ್ನು ನಾಡಿದ್ದು, ಗುರುವಾರ, ಬರಹೇಳಲು ಮಾಡಿದ್ದರು. "ಎಲ್ಲುಂಡಿ" ಎಂದರು ಅವರು. ಚಿಗವ್ವ ಹಿಗ್ಗಿಹೋದಳು. "ಮನ್ಯಾಗ ಉಂಡೇನ್ರೀ! ರೊಟ್ಟಿ, ಹೆಸರುಕಾಳ ಪಲ್ಯೆ. ನಿಮ್ದಾತೇನು?" ಎಂದಳು. ಅವರು ಮತ್ತೊಮ್ಮೆ, ಇನ್ನಷ್ಟು ಗಟ್ಟಿಯಾಗಿ, "ಎಲ್ಲುಂಡಿ ಅಮ್ಮಾ, ಎಲ್ಲುಂಡಿ" ಎಂದರು. ಇವಳು ಇನ್ನಷ್ಟು ಗಟ್ಟಿಯಾಗಿ, "ಮನ್ಯಾಗ್ರೀ, ಮನ್ಯಾಗ!" ಎಂದಳು. ಗುರುವಾರ ಬಂದು ಹೋಯಿತು. ಶುಕ್ರವಾರ ನಾನು ಮನೆಯಲ್ಲಿದ್ದಾಗ ಅವರೇ ಮತ್ತೆ ಮಾಡಿ, ಮನೆಯವರಿಗೆ ಹೇಳಿದ್ದೆವು, ಗುರುವಾರವಿಡೀ ಕಾದೆವು, ಈಗ ಬೇರೆಯವನನ್ನು ಇಟ್ಟುಕೊಂಡೆವು ಎಂದರು. ಕಥೆ ಇಲ್ಲಿಗೆ ಮುಗಿಯುತ್ತದೆ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಅವಳು ಫೋನಿನಲ್ಲಿ ಹೀಗೆ ಮಾತಾಡಿದಳೆಂದು ನನಗೆ ಹೇಗೆ ತಿಳಿಯಿತು ಎಂದು ಈವರೆಗೆ ಯಾರೂ ಕೇಳಿಲ್ಲ.

ಅವಳೇ ಹೇಳಿದ್ದಳು. ಅದೇ ಮಂಗಳವಾರ ಸಂಜೆ ಹೇಳಿದ್ದಳು. ನಾನು ಮೈಗೆಲ್ಲ ತೌಡು ಮೆತ್ತಿಕೊಂಡು ಬಂದು ಕಟ್ಟೆಯ ಮೇಲೆ ಕುಳಿತು, ನನ್ನ ಇನ್ನೊಂದು ಫೋನಿನಲ್ಲಿ ಸುಜಾತಾಳ ಸಂದೇಶ ಓದುತ್ತಿದ್ದೆ. ಚಿಗವ್ವ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಫೋನ್ ಬಂದಿತ್ತಪಾ. ಎಲ್ಲುಂಡಿ ಅಂದ್ರು. ಮತ್ತೂ ಒಮ್ಮಿ ಎಲ್ಲುಂಡಿ ಅಂದ್ರು. ಬ್ಯಾರೆ ಏನೇನೋ ಅಂದ್ರು, ನನಗ ತಿಳೀಲಿಲ್ಲ. ಗುರ್ತಿಲ್ಲ, ಪರಿಚಯಿಲ್ಲ, ಊಟಾ ಕೇಳ್ಯಾರ ನೋಡು. ಈ ಕೆಲಸ ಆಕ್ಕೈತಿ."

ಏನಂತಾರೋ ಅದನ್ನು ಹಾಗೆಯೇ ಹೇಳು ಎಂದಿದ್ದೆ. ಹಾಗೆಯೇ ಹೇಳಿದ್ದಳು. ತೆಲುಗು ನೀರು ಕುಡಿದಷ್ಟು ಸುಲಭವಾಗಿದ್ದವನು ತಲೆ ಎತ್ತದೆ "ಹೂಂ, ನಮ್ಮವರ ಯಾರರ ಇರಬೇಕು" ಎಂದು ಸಂದೇಶ ಓದುವುದನ್ನು ಮುಂದುವರಿಸಿದ.

ಶುಕ್ರವಾರ ನಾನು ಅವಳಿಗೆ ಆಡಿದ ಮಾತುಗಳನ್ನು ಮರೆತಿದ್ದರೆ ಚೆನ್ನಾಗಿತ್ತು. ಮರೆತಿಲ್ಲ. "ಗುರುವಾರ ಬಾ ಅಂತ ಹೇಳಿದ್ರಂತ. ಯಾಕ ಹೇಳಲಿಲ್ಲ?" ಎಂದು ಕೂಗಾಡಿದೆ. ಅವಳು ಅಂಜುತ್ತ, "ಗುರುವಾರ ಅನ್ಲಿಲ್ಲಪಾ ಅವರು" ಎಂದಳು. "ಉಣ್ಣೂದು ಒಂದು ಬಿಟ್ರ ನಿನ್ನ ತಲ್ಯಾಗ ಬ್ಯಾರೆ ಏನೈತಿ? ತಿಳೀದಿದ್ರ ಫೋನ್ ಯಾಕ ಮುಟ್ಟಿದಿ?" ಎಂದೆ. ನನ್ನನ್ನು ಆಡಿಸಿ ಬೆಳೆಸಿದ ಕೈಗಳವು. ಅವು ಸೆರಗಿನ ತುದಿಯನ್ನು ಹಿಡಿದುಕೊಂಡು ಸುಮ್ಮನೆ ನಿಂತವು.

ಮರುದಿನ ಗಿರಣಿಯಲ್ಲಿ ಲೋಡಿಗೆ ಬಂದ ತೆಲುಗು ಡ್ರೈವರನೊಬ್ಬ, ಮತ್ತೆ ಯಾವಾಗ ಬರುತ್ತೀ ಎಂದು ಲೆಕ್ಕ ಬರೆಯುವ ನಮ್ಮ ರೈಟರು ಕೇಳಿದ್ದಕ್ಕೆ, ಕ್ಯಾಬಿನ್ನಿನಿಂದ "ಎಲ್ಲುಂಡಿ" ಎಂದು ಕೂಗಿದ. ನಾನು ಅಕ್ಕಿಯ ರಾಶಿಯಲ್ಲಿ ಕೈ ಇಟ್ಟು ನಿಂತಿದ್ದೆ. ಮಂಗಳವಾರ, ಬುಧವಾರ, ಗುರುವಾರ ಎಂದು ಬೆರಳು ಮಡಿಸಿದೆ. ಯಾರ ತಪ್ಪೆಂದು ಆಗ ತಿಳಿಯಿತು. ಮನೆಗೆ ಹೋದ ಕೂಡಲೇ ಹೇಳಿಬಿಡಬೇಕೆಂದುಕೊಂಡೆ. ಹೋದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ನಾಳೆ ಹೇಳಿದರಾಯಿತು ಎನಿಸಿತು. ಮರುದಿನ ನಾಡಿದ್ದು ಹೇಳಿದರಾಯಿತು ಎನಿಸಿತು. ತಪ್ಪೊಪ್ಪಿಕೊಳ್ಳಬೇಕಾದವನಿಗೆ ಎಲ್ಲ ಭಾಷೆಯಲ್ಲೂ ನಾಡಿದ್ದು ಎಂಬ ಪದ ಇದ್ದೇ ಇರುತ್ತದೆ.

ಚಿಗವ್ವ ಆಮೇಲೆ ಆ ಫೋನನ್ನು ಮುಟ್ಟಲಿಲ್ಲ. ಅದು ಬಡಿದುಕೊಂಡರೆ ಅಡುಗೆಮನೆಯ ಬಾಗಿಲಿಗೆ ಬಂದು ಅದರ ಕಡೆ ನೋಡುತ್ತ ನಿಲ್ಲುತ್ತಿದ್ದಳು. ನಾನಿದ್ದರೆ "ಒದರಾಕತ್ತೈತಿ ನೋಡಪಾ" ಎನ್ನುತ್ತಿದ್ದಳು. ಹೊರಗಿನಿಂದ ಬಂದರೆ ನೀರು ಕೊಡುತ್ತಿದ್ದಳು, ತಾಟು ಇಡುತ್ತಿದ್ದಳು, ಎಲ್ಲಿ ಉಂಡಿ ಎಂದು ಮಾತ್ರ ಕೇಳಲಿಲ್ಲ. ಹದಿನೈದು ದಿನಕ್ಕೆ, ಊರಲ್ಲಿ ಆಡು ಈದೈತಿ, ನೋಡುವವರಿಲ್ಲ ಎಂದು ಹೊರಟಳು. ಆಡು ನೋಡಲು ಅಲ್ಲಿ ಒಂದು ಮನೆ ತುಂಬ ಜನರಿದ್ದಾರೆ, ಅದು ಇಬ್ಬರಿಗೂ ಗೊತ್ತಿತ್ತು. ಬಸ್ಸು ಹತ್ತಿಸುವಾಗಲೂ ಹೇಳಲು ನನಗೆ ಬಾಯಿ ಬರಲಿಲ್ಲ.

ನಿಜಾಮಾಬಾದಿನಲ್ಲಿ ಇನ್ನೊಂದು ಕೆಲಸ ಸಿಗಲು ಒಂದೂವರೆ ವರ್ಷ ಹಿಡಿಯಿತು. ಅಷ್ಟು ದಿನ ಸುಜಾತಾ ಒಬ್ಬಳೇ ಬೆಳಿಗ್ಗೆ ಬೀಗ ಹಾಕಿ, ಸಂಜೆ ಬೀಗ ತೆಗೆದು ಬದುಕಿದಳು. ಕೆಲಸ ಸಿಕ್ಕ ಖುಷಿಯಲ್ಲಿದ್ದಾಗ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಬಂಧುಗಳ ಮನೆಯ ಗೃಹಪ್ರವೇಶ ಬಂತು. ಊಟವಾದ ಮೇಲೆ ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದಾಗ ಮೊದಲ ಸಲ ಈ ಕಥೆ ಹೇಳಿದೆ. ಎಲ್ಲುಂಡಿ ಎಂದರೆ ನಾಡಿದ್ದು ಎಂದು ವಿವರಿಸಿ ಹೇಳಿದೆ. ಮಂಗಳವಾರದ ಸಂಜೆಯನ್ನು ಬಿಟ್ಟು ಹೇಳಿದೆ. ಚಿಗವ್ವ ಹೆಂಗಸರ ಸಾಲಿನಲ್ಲಿ ಕುಳಿತಿದ್ದಳು. ಎಲ್ಲರೂ ಅವಳ ಕಡೆ ತಿರುಗಿ ನಕ್ಕರು. ಅವಳೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಅವಳಿಗೇ ಇಲ್ಲದ ಬೇಸರ ನನಗೇಕೆ ಎಂದು ಧೈರ್ಯ ತಂದುಕೊಂಡೆ. ಅಲ್ಲಿಂದ ಮುಂದೆ ಆ ಕಥೆ ಎಲ್ಲ ಕಡೆಯೂ ನಡೆಯಿತು.

ಇವತ್ತು ಇಸ್ತ್ರಿಯವನ ಅಂಗಡಿಯಿಂದ ಬಂದು, ಸುಜಾತಾ ಬ್ಯಾಂಕಿಗೆ ಹೋದ ಮೇಲೆ, ಚಿಗವ್ವನ ಮನೆಗೆ ಫೋನು ಮಾಡಿದೆ. ಬಹಳ ಹೊತ್ತು ಬಡಿದುಕೊಂಡಿತು. ಕೊನೆಗೆ ಅವಳೇ ಎತ್ತಿದಳು. ನನ್ನ ದನಿ ಕೇಳಿದ್ದೇ, "ಮನ್ಯಾಗ ಯಾರೂ ಇಲ್ಲಪಾ, ಹೊಲಕ್ಕ ಹೋಗ್ಯಾರ. ಸಂಜಿಕ ಮಾಡು" ಎಂದಳು.

"ನಿನ್ನ ಕೂಡನ ಮಾತಾಡಬೇಕು, ಚಿಗವ್ವ."

"ನನ್ನ ಕೂಡ ಏನೈತಿ? ನನಗೇನ್ ತಿಳೀತೈತಿ?"

ಹೇಳಬೇಕಾದ್ದನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಒಂದೇ ಮಾತು.

"ಎಲ್ಲುಂಡಿ?"

ಅವಳು, ಶಾಲೆಯಲ್ಲಿ ಮಾಸ್ತರರು ಎಬ್ಬಿಸಿ ನಿಲ್ಲಿಸಿದ ಹುಡುಗಿಯಂತೆ ನಿಧಾನವಾಗಿ, ಒಂದೊಂದೇ ಅಕ್ಷರ ಹೇಳಿದಳು: "ನಾಡದು. ನಾಡದು ಅಂತಲ್ಲೇನಪಾ ಅದರ ಅರ್ಥ? ನಾ ಮರತಿಲ್ಲ."

"ಅಲ್ಲವ್ವ. ಕನ್ನಡದಾಗ ಕೇಳಾಕತ್ತೀನಿ" ಎಂದೆ. ಇಟ್ಟುಬಿಟ್ಟಳೇನೋ ಎಂದು ಫೋನನ್ನು ನೋಡಿದೆ, ಇಟ್ಟಿರಲಿಲ್ಲ. "ಅವತ್ತ ಸಂಜಿಕ ನೀ ನನಗ ಹೇಳಿದ್ದಿ, ಚಿಗವ್ವ. ಅವರು ಅಂದದ್ದನ್ನ ಹಂಗ ಹೇಳಿದ್ದಿ. ನಾನ ಕಿವಿಗೆ ಹಾಕ್ಕೊಳ್ಳಲಿಲ್ಲ. ತಪ್ಪು ನಂದು" ಎಂದೆ.

"ಗೊತ್ತೈತಪಾ" ಎಂದಳು. "ಭಾಗ್ಯನಗರದಾಗ ನೀ ಅದರ ಅರ್ಥ ಹೇಳಿದಾಗ ಗೊತ್ತಾತು. ನಾ ಹೇಳಿದ್ನಲ್ಲ ಅಂತ ಅನ್ನೂದಿತ್ತು. ಎಲ್ಲಾರೂ ನಗಾಕತ್ತಿದ್ರು. ನೀನೂ ನಗಾಕತ್ತಿದ್ದಿ. ಭಾಳ ದಿವಸದ ಮ್ಯಾಲೆ ನಕ್ಕಿದ್ದಿ ನೀ. ಅದಕ್ಕ ಸುಮ್ಮನಾದೆ."

ಆಮೇಲೆ ಆಡಿನ ಮಾತು, ಸುಜಾತಾಳ ಮಾತು, ಬಿಸಿಲಿನ ಮಾತು ಆಡಿದೆವು. ಎಲ್ಲಿ ಉಂಡಳೆಂದು ಅವಳು ಹೇಳಲಿಲ್ಲ. ನನ್ನನ್ನೂ ಕೇಳಲಿಲ್ಲ. ಇಡ್ತೀನಿ ಎಂದು ಅವಳು ಫೋನಿಟ್ಟ ಮೇಲೂ ನಾನು ಸ್ವಲ್ಪ ಹೊತ್ತು ಫೋನನ್ನು ಕಿವಿಗೆ ಹಿಡಿದುಕೊಂಡೇ ಕುಳಿತಿದ್ದೆ. ಕೇಳಿದ್ದರೆ ಹೇಳಲು ಉತ್ತರ ಇತ್ತು: ಇನ್ನೂ ಉಂಡಿಲ್ಲ, ಚಿಗವ್ವ.