ಹಾಡಿಲ್ಲದ ಮದುವೆ ಡಿವಿಡಿ

ಟ್ರಂಕಿನ ಮುಚ್ಚಳ ಎತ್ತಿದೊಡನೆ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಹಳೆಯ ಸೀರೆಗಳ ನಡುವೆ ಕೈಯಾಡಿಸಿದೆ, ಡಿವಿಡಿ ಸಿಕ್ಕಿತು. ಮೇಲೆ ನೀಲಿ ಪೆನ್ನಿನಲ್ಲಿ ದಪ್ಪಗೆ ‘ಅಜ್ಜಿಗೆ’ ಎಂದು ಬರೆದಿತ್ತು. ಅದು ಮದುವೆಗಳ ವಿಡಿಯೋ ತೆಗೆಯುತ್ತಿದ್ದ, ನಾವೆಲ್ಲ ‘ವಿಡಿಯೋ ಅಣ್ಣ’ ಎನ್ನುತ್ತಿದ್ದವರ ಅಕ್ಷರ... ಅವರು ತೀರಿಕೊಂಡು ವರ್ಷವಾಗುತ್ತಾ ಬಂತು.

ಅದನ್ನು ಹುಡುಕಲೆಂದೇ ನಾನು ಮಿಡಿಗೇಶಿಯ ತವರುಮನೆಗೆ ಹೋಗಿದ್ದೆ. ಹಿಂದಿನ ದಿನ ಅಣ್ಣನ ಹೆಂಡತಿ ಫೋನ್ ಮಾಡಿದ್ದರು. ನಾನು ಅವರನ್ನು ಅತ್ತಿಗೆ ಎನ್ನುತ್ತೇನೆ.

‘ಊರೋರ್ ಮದ್ವೆಯೆಲ್ಲ ನಮ್ಮಂಗ್ಡೀಲಿ ಐತೆ ಕಣಮ್ಮ. ಅವ್ರ ದನಿ ಮಾತ್ರ ಒಂದ್ರಲ್ಲೂ ಇಲ್ಲ. ನಿಮ್ಮಜ್ಜಿಗೆ ಮಾಡ್ಕೊಟ್ಟಿದ್ರಲ್ಲ, ಅದೈತಾ?’

ಮಧುಗಿರಿಯ ಬಸ್ ಸ್ಟ್ಯಾಂಡಿನ ಹತ್ತಿರ ಅಣ್ಣನ ಸ್ಟುಡಿಯೋ ಇತ್ತು. ಮಿಡಿಗೇಶಿಯ ನಮ್ಮ ಬೀದಿಯಲ್ಲೂ ಅವರಿಲ್ಲದೆ ಮದುವೆಯೇ ನಡೆಯುತ್ತಿರಲಿಲ್ಲ. ಚಪ್ಪರದೊಳಗೆ ಪುರೋಹಿತರಿಗಿಂತ ಅವರದೇ ದರ್ಬಾರು. ‘ತಡೀರಪ್ಪ, ಅಕ್ಷತೆ ಈಗ್ಲೇ ಹಾಕ್ಬ್ಯಾಡಿ, ಲೈಟು ಬರ್ಲಿ’ ಎಂದು ಮುಹೂರ್ತವನ್ನೇ ನಿಲ್ಲಿಸುವ ಗಂಡೆದೆ ಅವರದು. ಆದರೆ ಅವರಿಗೊಂದು ಹುಚ್ಚಿತ್ತು. ಡಿವಿಡಿ ಮಾಡುವಾಗ ಟೇಪಿನಲ್ಲಿದ್ದ ಮಾತು, ನಗು, ವಾಲಗವನ್ನೆಲ್ಲ ಬಿಟ್ಟು ಉದ್ದಕ್ಕೂ ಸಿನಿಮಾ ಹಾಡು ತುಂಬುತ್ತಿದ್ದರು. ಆಗಿನ ಮದುವೆ ವಿಡಿಯೋಗಳೆಲ್ಲ ಹಾಗೇ. ಎಲ್ಲರ ಬಾಯಿ ಆಡುತ್ತದೆ, ಮಾತು ಕೇಳುವುದಿಲ್ಲ.

ನಮ್ಮ ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಅಕ್ಕನ ಮದುವೆ ಡಿವಿಡಿ ಹಾಕಿದ ದಿನ ಟಿವಿಯ ಮುಂದೆ ಚಾಪೆ ಹಾಸಿಸಿಕೊಂಡು ಕೂತಳು. ಹಾಡಿನ ಮೇಲೆ ಹಾಡು ಬಂದು ಅವಳಿಗೆ ರೇಗಿಹೋಯಿತು. ಡಿವಿಡಿ ಕೊಡಲು ಬಂದಿದ್ದ ಅಣ್ಣ ಅಲ್ಲೇ ಕಾಫಿ ಕುಡಿಯುತ್ತಿದ್ದರು.

‘ಲೇ ಮಗ, ರೇಡಿಯೋ ನಮ್ಮನೇಲೂ ಐತೆ ಕಣ್ಲಾ. ನಮ್ಮುಡ್ಗಿ ಮದ್ವೆ ಎಲ್ಲಿ?’ ಎಂದಳು ಅಜ್ಜಿ.

ನಾವೆಲ್ಲ ನಕ್ಕೆವು. ಅಣ್ಣ ನಗಲಿಲ್ಲ. ಲೋಟ ಕೆಳಗಿಟ್ಟು ಹೊರಟುಹೋದರು. ಬೇಜಾರಾಯಿತೇನೋ ಅಂದುಕೊಂಡೆವು.

ಕೆಲವು ದಿನ ಬಿಟ್ಟು ಈ ಡಿವಿಡಿ ತಂದುಕೊಟ್ಟರು. ಇದರಲ್ಲಿ ಒಂದೂ ಹಾಡಿರಲಿಲ್ಲ. ವಾಲಗವಿತ್ತು, ಪಾತ್ರೆಗಳ ಸದ್ದಿತ್ತು, ನಮ್ಮ ಸೋದರತ್ತೆಯರ ಜಗಳವೂ ಇತ್ತು. ಅದರ ಜೊತೆಗೆ ಅಣ್ಣನ ದನಿ. ಸ್ಟುಡಿಯೋದಲ್ಲಿ ಮೈಕ್ ಹಿಡಿದು ಕೂತು, ತೆರೆಯ ಮೇಲೆ ಕಂಡದ್ದನ್ನೆಲ್ಲ ಅಜ್ಜಿಗಾಗಿ ಹೇಳಿದ್ದರು: ‘ಅಜ್ಜಿ, ಈಗ ನಿನ್ ಮೊಮ್ಮಗ್ಳು ಬತ್ತಾವ್ಳೆ. ಹಸಿರು ಸೀರೆ. ತಲೆ ಬಗ್ಗಿಸ್ಕೊಂಡವ್ಳೆ, ಆದ್ರೂ ಕಳ್ಳಿ, ನಗ್ತಾವ್ಳೆ.’ ಅಜ್ಜಿ ಬದುಕಿದ್ದಷ್ಟು ದಿನ ಅದು ಆಗಾಗ ಓಡಲೇಬೇಕಿತ್ತು. ಹೆಣ್ಣು ಕಳಿಸುವ ಹೊತ್ತು ಬಂತೆಂದರೆ ಸೆರಗಿನಿಂದ ಕಣ್ಣೊರೆಸಿಕೊಂಡು ‘ಸಾಕು, ಆರ್ಸು’ ಅನ್ನುತ್ತಿದ್ದಳು. ಅದರಾಚೆಗೆ ನಾವ್ಯಾರೂ ಕೇಳಿರಲಿಲ್ಲ.

ಶಿರಾದ ನನ್ನ ಮನೆಯಲ್ಲಿರುವ ಲ್ಯಾಪ್‌ಟಾಪಿಗೆ ಡಿವಿಡಿ ಹಾಕುವ ಜಾಗವೇ ಇಲ್ಲ. ಗೆಳತಿಯಿಂದ ಹೊರಗೆ ಜೋಡಿಸುವ ಡಿವಿಡಿ ಡ್ರೈವ್ ತಂದೆ. ಫೋಲ್ಡರ್ ತೆರೆದರೆ ಅಕ್ಕನ ಮದುವೆ ಐದಾರು ಫೈಲುಗಳಾಗಿ ತುಂಡಾಗಿತ್ತು. ಧಾರೆ ಅರ್ಧ ಒಂದರಲ್ಲಿ, ಉಳಿದರ್ಧ ಇನ್ನೊಂದರಲ್ಲಿ. ಎಲ್ಲವನ್ನೂ ಜೋಡಿಸಲು ಎಡಿಟಿಂಗ್ ಸಾಫ್ಟ್‌ವೇರಿಗೆ ಎಳೆದುಹಾಕಿದರೆ ಅದು ಈ ಫೈಲುಗಳನ್ನು ಮುಟ್ಟಲೇ ಇಲ್ಲ. ಇನ್ನೊಂದು ಸಾಫ್ಟ್‌ವೇರಿನಲ್ಲಿ ಈಗಿನ ಎಂಪಿ4 ರೂಪಕ್ಕೆ ಬದಲಿಸಿ ಹಾಕಿದೆ. ಚಿತ್ರ ಬಂತು, ಸದ್ದಿಲ್ಲ. ನಮಗೆ ಬೇಕಾದದ್ದೇ ಸದ್ದು! ಸಿಟ್ಟು ನೆತ್ತಿಗೇರಿತು. ಡಿವಿಡಿಯ ಸದ್ದನ್ನೂ ಬೇರೆ ರೂಪಕ್ಕೆ ಬದಲಿಸಬೇಕೆಂದು ಆಮೇಲೆ ತಿಳಿಯಿತು. ಮೊದಲಿನಿಂದ ಎಲ್ಲ ಮಾಡಿದೆ. ‘ಅಜ್ಜಿ...’ ಎಂದು ಅಣ್ಣನ ದನಿ ಬಂದಾಗ ಅಳು ತಡೆಯಲಾಗಲಿಲ್ಲ. ಕೊನೆಗೆ ಒಂದು ಪುಟ್ಟ ಫೈಲ್ ಉಳಿದಿತ್ತು. ಅದರಲ್ಲಿ ಇನ್ನೇನಿರುತ್ತದೆ ಎಂದು ಬಿಡುವವಳಿದ್ದೆ. ಆಗಿದ್ದಾಗಲಿ ಎಂದು ಅದನ್ನೂ ತೆರೆದು ನೋಡದೆಯೇ ಸೇರಿಸಿದೆ.

ಭಾನುವಾರ ಮಧುಗಿರಿಗೆ ಹೋಗಿ ಅತ್ತಿಗೆಯ ಮುಂದೆ ಲ್ಯಾಪ್‌ಟಾಪ್ ಇಟ್ಟೆ. ಅವರು ಮದುವೆಯನ್ನು ನೋಡಲೇ ಇಲ್ಲ. ಕಣ್ಣು ಮುಚ್ಚಿಕೊಂಡು ಗಂಡನ ಮಾತು ಕೇಳುತ್ತಿದ್ದರು. ಅಕ್ಕನನ್ನು ಕಳಿಸಿದ್ದಾಯಿತು, ತೆರೆ ಕಪ್ಪಾಯಿತು. ದನಿ ಮಾತ್ರ ನಿಲ್ಲಲಿಲ್ಲ.

‘ಇಷ್ಟೇ ಅಜ್ಜಿ, ಮುಗೀತು. ಅಂಗ್ಡಿ ಬಾಗ್ಲಾಕ್ತೀನಿ. ನಮ್ಮನೆಯೋಳು ಉಣ್ದೆ ಕಾಯ್ತಾ ಕುಂತಿರ್ತಾಳೆ. ಹೋದ್ರೆ, ನಾನಾಗ್ಲೇ ಉಂಡೆ ಅಂತ ಸುಳ್ಳು ಹೇಳ್ತಾಳೆ. ಇರೋದನ್ನ ನಾನು ಹೊಟ್ಟೆ ತುಂಬ ಉಣ್ಲಿ ಅಂತ.’

ಅತ್ತಿಗೆ ಕಣ್ಣು ಬಿಟ್ಟರು.

‘ಗೊತ್ತಿತ್ತಾ ಅವ್ರ್ಗೆ? ಒಂದಿನಾನೂ ಬಾಯ್ಬಿಡ್ಲಿಲ್ವಲ್ಲ ಕಣಮ್ಮ... ದಿನಾ ಒಂದು ಮುದ್ದೆ ಹಂಗೇ ಮಿಗಿಸ್ಬುಟ್ಟು, ಸಾಕಾಯ್ತು ಅಂತ ಎದ್ಬುಡೋರು. ಅವ್ರ್ಗೆ ಹಸಿವೇ ಕಮ್ಮಿ ಅಂದ್ಕಂಡಿದ್ದೆ ನಾನು.’

ನಾನು ಅತ್ತಿಗೆಯ ಕೈ ಹಿಡಿದುಕೊಂಡು ಕೂತೆ. ಅಣ್ಣ ಇದ್ದಿದ್ದರೆ ಆ ಮನೆಯಲ್ಲಿ ಅವತ್ತು ಒಂದು ಒಳ್ಳೆಯ ಜಗಳವಾಗುತ್ತಿತ್ತು. ಅತ್ತಿಗೆಗೆ ಈಗ ಜಗಳವಾಡಲೂ ಅವರಿಲ್ಲ.