ಎರಡನೇ ಗಂಜಿ

ಯುದ್ಧ ಎಲ್ಲೋ ನಡೆಯುತ್ತಿತ್ತು, ಅಕ್ಕಿ ಮಾತ್ರ ನಮ್ಮಲ್ಲಿ ಚೀಟಿಗೆ ಸಿಗುತ್ತಿತ್ತು. ಆ ದಿನಗಳಲ್ಲಿ ಬಸ್ರೂರಿನ ನಮ್ಮ ಮನೆಯಲ್ಲಿ ಮಧ್ಯಾಹ್ನ ಎರಡು ಸಲ ಉಣ್ಣುತ್ತಿದ್ದವನು ನಾನೊಬ್ಬನೇ. ನನಗಾಗ ಆರು ವರ್ಷ. ಐದೂ ಇದ್ದೀತು.

ಮೊದಲ ಗಂಜಿ ಅಪ್ಪ, ಅಜ್ಜಿಯ ಜೊತೆ. ಆಮೇಲೆ ಕುಟ್ಟಿದೊಣ್ಣೆ, ಅಂದರೆ ಚಿಣ್ಣಿದಾಂಡು, ಆಡಿ ಬರುವಷ್ಟರಲ್ಲಿ ಅಬ್ಬಿ (ಅಮ್ಮನನ್ನು ನಾವು ಹಾಗೇ ಕರೆಯುತ್ತಿದ್ದುದು) ಒಲೆಯ ಪಕ್ಕ ತನ್ನ ಬಟ್ಟಲಿಟ್ಟು ಕೂತಿರುತ್ತಿದ್ದಳು. ಕುಚ್ಚಲಕ್ಕಿ ಗಂಜಿ, ಸುಟ್ಟ ಒಣಮೀನಿನ ವಾಸನೆ. ನಾನು ಎದುರು ಕೂತು ಬಾಯಿ ತೆರೆದರೆ ಸಾಕು.

"ನಿಂಗ್ ಬ್ಯಾಡ್ದಾ ಅಬ್ಬಿ?"

"ನಂದ್ ಆಯ್ತ್ ಮಗಾ."

ಕೊನೆಗೆ ತಳದ ಗಂಜಿನೀರು ಕುಡಿದು ಏಳುತ್ತಿದ್ದಳು.

ತಂಗಿಗೆ ಎಂಟು ತಿಂಗಳಾದರೂ ಕೂರುತ್ತಿರಲಿಲ್ಲ. ತೊಡೆಯ ಚರ್ಮ ಜೋಲುತ್ತಿತ್ತು. ಎದೆಗೆ ಹಾಕಿದರೆ ಒಂದಿಷ್ಟು ಚೀಪಿ, ಬಿಟ್ಟು, ಅಳುತ್ತಿತ್ತು. ಅಜ್ಜಿ ದೃಷ್ಟಿ ತೆಗೆದು ಉಪ್ಪು ಮೆಣಸು ಒಲೆಗೆ ಹಾಕಿದ್ದೂ ಆಯಿತು. ಒಂದು ದಿನ ಹೇಳಿದಳು: "ನಾಳೆ ಕೂಸಿನ್ನ ಶಂಕರನಾರಾಯಣ ದೇವಸ್ಥಾನಕ್ಕ್ ಕರ್ಕಂಡ್ ಹೋಪ. ನೂಲ್ ಕಟ್ಸ್ಕಂಡ್ ನಾಕ್ ದಿನ ಬಿಟ್ಟ್ ಬಪ್ಪ. ನೀನೂ ಹೊರಡ್ ಹೆಣೆ."

"ಕೂಸ್ ಉಳೀತಲ್ದಾ ಅತ್ತೆ?" ಎಂದಳು ಅಬ್ಬಿ. ಅಜ್ಜಿ ಕೂಸಿನ ಬಟ್ಟೆ ಗಂಟು ಕಟ್ಟತೊಡಗಿದಳು.

ನಾನು ಗೋಳೋ ಎಂದು ಅಳತೊಡಗಿದೆ. "ಹಂಗಾರೆ ನಂಗ್ ಎರಡ್ನೇ ಗಂಜಿ ಕೊಡೂದ್ ಯಾರ್?"

"ಎಂತ ಎರಡ್ನೇ ಗಂಜಿಯಾ?"

"ಅಬ್ಬಿ ಬಟ್ಟಲಿಂದ್."

ಅಜ್ಜಿ ಸೊಸೆಯನ್ನು ನೋಡಿದಳು. ಸೊಸೆ ನೆಲ ನೋಡಿದಳು.

"ಅಷ್ಟ್ ದೂರ ಎಂತಕ್ ಹೋಪುದ್? ಕೂಸಿಗ್ ಹಿಡ್ದ್ ಗ್ರಹ ಇಲ್ಲೇ ಕುಟ್ಟಿದೊಣ್ಣಿ ಹಿಡ್ಕಂಡ್ ನಿಂತಿತ್!" ಎಂದಳು ಅಜ್ಜಿ, ನನ್ನತ್ತ ತಿರುಗಿ.

ಮರುದಿನದಿಂದ ಅಪ್ಪನಿಗೂ ಮೊದಲು ಅಬ್ಬಿಗೆ ಬಡಿಸಲಾಯಿತು. ಅಜ್ಜಿ ಅಡಿಗೆಮನೆಯ ಬಾಗಿಲು ಮುಚ್ಚಿ, ಒಳಗೆ ಮಣೆ ಹಾಕಿ ಕಾವಲು ಕೂತಳು. ಹಸಿದ ಅಪ್ಪ ಜಗಲಿಯಲ್ಲಿ ಸುಮ್ಮಸುಮ್ಮನೆ ಕೆಮ್ಮುತ್ತಿದ್ದ. ನಾಚಿಕೆಗೆ ಅಬ್ಬಿ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಬಾಗಿಲತ್ತ ನೋಡುತ್ತಿದ್ದಳು.

"ನೀನ್ ಉಂಬುದಲ್ಲ ಹೆಣೆ, ಕೂಸ್ ಉಂಬುದ್. ನುಂಗ್," ಎಂದಳು ಅಜ್ಜಿ.

ಹೊರಗೆ ನಿಂತು ನಾನು ಬಾಗಿಲು ಗುದ್ದುತ್ತಿದ್ದೆ. ಆ ತಂಗಿ ಸಾಯಲಿ ಎಂದೂ ಕೂಗಿದ್ದೆನಂತೆ. ನನಗೆ ಅದು ನೆನಪಿಲ್ಲ. ನೆನಪಿಲ್ಲದಿರುವುದು ನನಗೆ ಅನುಕೂಲವೂ ಹೌದು.

ಕೂಸು ಕೂತಿತು, ಅಂಬೆಗಾಲಿಟ್ಟು ಹರಿಯಿತು, ನನ್ನ ಕೂದಲು ಹಿಡಿದು ಎದ್ದು ನಿಂತಿತು. ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲಿನದೇ ಕಾರಣವೆಂದು ಒಪ್ಪಲಾರೆ. ಅದೇ ದಿನಗಳಲ್ಲಿ ಅಜ್ಜಿ ಕೂಸಿಗೆ ರಾಗಿ ಮಣ್ಣಿ ಕಾಯಿಸಿ ತಿನ್ನಿಸಲೂ ತೊಡಗಿದ್ದಳು. ತಂಗಿಯಂತೂ, "ಇದೆಲ್ಲ ಅಜ್ಜಿ ಹೇಳಿದ್ ಕಥಿ. ನೀ ಎಂತ ಕಂಡಿದ್ದಿ?" ಎಂದು ನಗುತ್ತಾಳೆ.

ಅಬ್ಬಿ ಬದುಕಿದ್ದಾಗ ಒಮ್ಮೆ ಕೇಳಿದ್ದೆ, "ಆಗ ನಿಂಗ್ ಹಸಿವಾತಿತ್ತಾ?" ಅವಳು ಅಂದದ್ದು ಅದೇ ಮಾತು: "ನಂದ್ ಆಯ್ತಲ್ಲ ಮಗಾ."

ಈಗ ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಉಣ್ಣುತ್ತೇವೆ, ಅವರವರ ತಟ್ಟೆಯಲ್ಲಿ. ಅದೇ ಸರಿ. ಆದರೂ ಅಬ್ಬಿಯ ಬೆರಳುಗಳ ಉಪ್ಪು ಬೆರೆತ ಗಂಜಿಯಷ್ಟು ರುಚಿಯಾದದ್ದನ್ನು ನಾನು ಮತ್ತೆ ಉಂಡಿಲ್ಲ. ಉಳಿದುದನ್ನೆಲ್ಲ ಅನುಮಾನಿಸಬಲ್ಲೆ. ಆ ರುಚಿ ಮಾತ್ರ ನಿಜ, ಮತ್ತು ಅದು ನನ್ನ ಪಾಲಿನದಾಗಿರಲಿಲ್ಲ.