ಚಿಕ್ಕಮಾದು ಒಡೆದ ಅಂಗನವಾಡಿ ಗೇಟು

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಚಿಕ್ಕಮಾದುವಿಗೆ ಕೋಪ ಮೂಗಿನ ತುದಿಯಲ್ಲೇ. ಉಡಿಗಾಲದಲ್ಲಿ ಹುಟ್ಟಿ, ಚಾಮರಾಜನಗರದಲ್ಲಿ ಲಾರಿ ಬಾಡಿ ಕಟ್ಟುವವರ ಬಳಿ ಹನ್ನೆರಡು ವರ್ಷ ಕೈ ಸುಟ್ಟುಕೊಂಡು ಕಲಿತ ಮನುಷ್ಯ. ಗಿರಾಕಿ ಅವಸರ ಮಾಡಿದರೆ ಅಳತೆ ಚೀಟಿಯನ್ನು ವಾಪಸ್ ಕೈಗಿಟ್ಟು, "ಬ್ಯಾರೆ ಅಂಗ್ಡಿ ನೋಡ್ಕಳಿ" ಎಂದುಬಿಡುತ್ತಾನೆ.

ಅವಸರ ಕಂಡರೆ ಆಗದಿರುವುದಕ್ಕೆ ಕಾರಣವಿದೆ. ಕಾದ ಕಬ್ಬಿಣ ಆರುವಾಗ ಸೆಳೆದುಕೊಳ್ಳುತ್ತದೆ. ಒಂದೇ ಕಡೆ ಉದ್ದಕ್ಕೂ ಬೆಸೆದರೆ ಗೇಟು ಸೊಟ್ಟಗಾಗುತ್ತದೆ. ಅದಕ್ಕೇ ಮೊದಲು ಪ್ರತಿ ಸೇರುವೆಗೂ ಒಂದೊಂದು ಚುಕ್ಕೆ ಮಾತ್ರ ಬೆಸೆದು, ಮೂಲೆಯಿಂದ ಮೂಲೆಗೆ ಟೇಪು ಹಿಡಿದು ನೋಡಿ, ಆಮೇಲೆ ಪೂರ್ತಿ ಬೆಸೆಯಬೇಕು. ದರ್ಜಿ ಕಚ್ಚಾ ಹೊಲಿಗೆ ಹಾಕಿಕೊಳ್ಳುವ ಹಾಗೆ.

ಚಂದಕವಾಡಿ ಕಡೆಯ ಒಂದು ಹಳ್ಳಿಯ ಅಂಗನವಾಡಿ ಗೇಟು ಹಾಗೆ ಚುಕ್ಕೆಯಲ್ಲೇ ನಿಂತಿದ್ದಾಗ ಕರೆಂಟು ಹೋಯಿತು. ಮರುದಿನ ಹೆಂಡತಿಯ ಹರಕೆಗೆಂದು ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಬೇಕಿತ್ತು. ಗೇಟನ್ನು ಅಂಗಡಿ ಗೋಡೆಗೆ ಒರಗಿಸಿ ಹೋದ. ಯಾರಿಗೂ ಒಂದು ಮಾತು ಹೇಳಲಿಲ್ಲ. ಬಂದು ನೋಡಿದರೆ ಗೇಟಿಲ್ಲ. ಅದನ್ನು ಮಾಡಲು ಕೊಟ್ಟಿದ್ದ ಕಂಟ್ರಾಕ್ಟರ್ ಶಿವಸ್ವಾಮಿಯ ಟೆಂಪೋ ಬಂದು ಹೊತ್ತೊಯ್ದಿತ್ತಂತೆ.

ಫೋನ್ ಮಾಡಿದರೆ ಶಿವಸ್ವಾಮಿ ನಕ್ಕ. "ಸಂದೀಗೆಲ್ಲ ಪುಟ್ಟಿ ಮೆತ್ತಿ ಬಣ್ಣ ಬಳ್ಸಿವ್ನಿ ಕಣ್ಲಾ. ಇವತ್ತು ಉದ್ಘಾಟನೆ."

ಚಿಕ್ಕಮಾದುವಿನ ಮೈ ಉರಿದುಹೋಯಿತು. ಸುತ್ತಿಗೆಯನ್ನು ಬೈಕಿಗೆ ಸಿಕ್ಕಿಸಿಕೊಂಡು ಹೊರಟ. ದಾರಿಯುದ್ದಕ್ಕೂ ಶಿವಸ್ವಾಮಿಯನ್ನು ಬೈದ, ಅದಕ್ಕಿಂತ ಹೆಚ್ಚು ತನ್ನನ್ನೇ ಬೈದುಕೊಂಡ.

ಅಂಗನವಾಡಿ ಮುಂದೆ ಶಾಮಿಯಾನ ಹಾಕಿತ್ತು. ನೀಲಿ ಬಣ್ಣದ ಗೇಟಿನ ಕೆಳಪಟ್ಟಿಯ ಮೇಲೆ ಎರಡು ಮಕ್ಕಳು ನಿಂತು ಜೀಕುತ್ತಿದ್ದವು. ಅವನು ಎರಡನ್ನೂ ರಟ್ಟೆ ಹಿಡಿದು ಇಳಿಸಿದ. ಮಕ್ಕಳು ಅತ್ತವು.

"ಭಾನಕ್ಕ, ಐಕಳ ಒಳಕ್ಕೆ ಕರ್ಕ ಓಗಿ!" ಎಂದು ಟೀಚರಿಗೆ ಕೂಗಿದ.

ಶಿವಸ್ವಾಮಿ ಓಡಿಬಂದ. "ಏನ್ಲಾ ಮಾದು, ಜನದ್ ಮುಂದೆ ಮಾನ ಕಳೀತಿಯಾ? ಗಟ್ಟಿ ಗೇಟ್ ಕಣ್ಲಾ ಅದು."

"ಗಟ್ಟಿಯಾ? ಅಂಗಾರೆ ನೀವೇ ಗೇಟ್ ಮ್ಯಾಲೆ ಅತ್ತಿ ನಿಂತ್ಕಳಿ ಸ್ವಾಮಿ."

ಜನರೆಲ್ಲ ಶಿವಸ್ವಾಮಿಯ ಕಾಲನ್ನೇ ನೋಡಿದರು. ಕಾಲು ಮುಂದಕ್ಕೆ ಬರಲಿಲ್ಲ. ಅವನು ಜೇಬಿನಿಂದ ಫೋನ್ ತೆಗೆದ.

ಚಿಕ್ಕಮಾದು ಸುತ್ತಿಗೆ ಎತ್ತಿ ಒಂದೇ ಏಟು ಕೊಟ್ಟ. ಪುಟ್ಟಿ ಪುಡಿಪುಡಿಯಾಗಿ ಉದುರಿತು. ಮೇಲಿನ ಪಟ್ಟಿ ಕಿತ್ತುಬಂದು, ಅದರ ಹಿಂದೆಯೇ ನಾಲ್ಕು ಸರಳು ಮಕ್ಕಳು ನಿಂತಿದ್ದ ಜಾಗಕ್ಕೇ ಬಿದ್ದವು. ಭಾನು ಬಾಯಿಗೆ ಸೆರಗು ಹಿಡಿದಳು.

"ಸರ್ಕಾರದ ಆಸ್ತಿ ಒಡ್ದಿದ್ದೀಯ. ಕೇಸ್ ಆಕುಸ್ತೀನಿ!" ಎಂದು ಶಿವಸ್ವಾಮಿ ಕೂಗಾಡಿದ.

"ಆಕ್ಸಿ ಸ್ವಾಮಿ. ಒಡ್ದೋನೂ ನಾನೇ, ಅರೆಬರೆ ಬೆಸ್ದು ಯಾರ್ಗೂ ಯೋಳ್ದೆ ಬುಟ್ಟೋದೋನೂ ನಾನೇ, ಎರಡ್ನೂ ಬರ್ಕಳಿ. ನೀವ್ಯಾಕೆ ಗೇಟ್ ಮ್ಯಾಲೆ ಅತ್ನಿಲ್ಲ ಅನ್ನೋದ್ನೂ ಬರೀರಿ."